ಸ್ಪೀಕರಿನಲ್ಲಿ ಉಳಿದ ಸೋಪುನೀರು

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಹನ್ನೊಂದು ಅಂಗಡಿಗಳಿವೆ. ಏಳನೆಯದು ಎಷ್ಟು ಇಕ್ಕಟ್ಟೆಂದರೆ ಒಳಗೆ ಕೂತವನಿಗೆ ಸೀನು ಬಂದರೆ ಹೊರಗೆ ಬಂದು ಸೀನಬೇಕು. ಅಲ್ಲಿ ಇಪ್ಪತ್ತು ವರ್ಷದಿಂದ ಫೋನ್ ರಿಪೇರಿ ಮಾಡುತ್ತಿದ್ದವನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ನೀರಿಗೆ ಬಿದ್ದ ಫೋನಿನ ಸ್ಪೀಕರಿನಿಂದ ನೀರು ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಜನ ಫೋನನ್ನು ಬಕೆಟ್ಟಿಗೆ ಬೀಳಿಸಿ, ಬಚ್ಚಲಿಗೆ ಬೀಳಿಸಿ, ಹೇಳಬಾರದ ಕಡೆಗೂ ಬೀಳಿಸಿ, ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಕೊನೆಗೆ ಅವನ ಹತ್ತಿರ ತರುತ್ತಿದ್ದರು. "ಅಕ್ಕಿ ನೀರು ಕುಡಿದ್ರೆ ಅನ್ನ ಆಗುತ್ತೆ, ಫೋನ್ ಒಣಗಲ್ಲ. ಬಾಯಲ್ಲಿ ಊದೋಕೂ ಹೋಗ್ಬೇಡಿ, ಊದಿದ್ರೆ ನೀರು ಇನ್ನೂ ಒಳಗೆ ಹೋಗಿ ಸಂಸಾರ ಹೂಡುತ್ತೆ" ಎಂದು ಬೈದೇ ಕೈಗೆ ತೆಗೆದುಕೊಳ್ಳುತ್ತಿದ್ದ. ಫೋನನ್ನು ಬಾಯಿ ಕೆಳಗಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟುತ್ತಿದ್ದ. ಆಮೇಲೆ ಕರಿ ಬಟ್ಟೆಯ ಮೇಲಿಟ್ಟು ಗುಂ ಎನ್ನುವ ದಪ್ಪ ಸದ್ದೊಂದನ್ನು ಅದರಿಂದಲೇ ಹೊರಡಿಸುತ್ತಿದ್ದ. ಆ ಸದ್ದಿನ ನಡುಕಕ್ಕೆ ಸ್ಪೀಕರಿನ ಜಾಲರಿಯಿಂದ ಹನಿಗಳು ಸಾಸಿವೆಯಂತೆ ಸಿಡಿಯುತ್ತಿದ್ದವು. ಒರೆಸುವುದು, ಮತ್ತೆ ಗುಂ, ಮತ್ತೆ ಒರೆಸುವುದು. ಕೊನೆಗೆ ಕಿವಿ ಕೊಟ್ಟು ಕೇಳಿ ತೀರ್ಪು ಹೇಳುವುದು.

ಆ ಕಿವಿಯೇ ಅಂಗಡಿಯ ಬಂಡವಾಳ. ಸ್ಪೀಕರಿನ ಗೊಗ್ಗರು ದನಿ ಕೇಳಿ "ಇದು ನಲ್ಲಿ ನೀರು, ಇದು ಬಾವಿ ನೀರು, ಇದು ಸೋಪಿನ ನೀರು" ಎಂದು ಹೇಳಿಬಿಡುತ್ತಿದ್ದ. ಒಮ್ಮೆ "ಇದು ಚಹಾ, ಸಕ್ಕರೆ ಕಮ್ಮಿ, ಎಸೆದಿದ್ದು ಹೆಂಡತಿ" ಎಂದನಂತೆ. ಫೋನ್ ತಂದವನು ತಲೆ ತಗ್ಗಿಸಿ ಹೊರಟುಹೋದನಂತೆ. ಮೂರು ಬೀದಿ ಆಚೆ ಇರುವೆ ಕೆಮ್ಮಿದರೂ ಅವನಿಗೆ ಕೇಳಿಸುತ್ತದೆ ಎಂದು ಸಾಲಿನವರಾದ ನಾವೇ ಸಾರಿಕೊಂಡು ಬರುತ್ತಿದ್ದೆವು.

ಐವತ್ತು ದಾಟಿದ ಮೇಲೆ ಆ ಕಿವಿ ಮೆಲ್ಲಗೆ ಕೈ ಕೊಟ್ಟಿತು. ಅದೂ ಪೂರ್ತಿ ಹೋಗಲಿಲ್ಲ, ಹೋಗಿದ್ದರೆ ಒಳ್ಳೆಯದಿತ್ತು. ಸಣ್ಣ ದನಿ, ಚೂಪು ದನಿ ಮಾತ್ರ ಹೋದವು, ದಪ್ಪ ದನಿ ಉಳಿಯಿತು. ನೀರು ತೆಗೆಯುವ ಗುಂ ಸದ್ದು ಅವನಿಗೆ ಮೊದಲಿನಂತೆಯೇ ಕೇಳುತ್ತಿತ್ತು. ಹಾಗಾಗಿ ತನ್ನ ಕಿವಿ ಗಟ್ಟಿಯಾಗಿಯೇ ಇದೆ ಎಂದು ದಿನಕ್ಕೆ ಇಪ್ಪತ್ತು ಸಲ ತನಗೆ ತಾನೇ ಸಾಕ್ಷಿ ಹೇಳಿಕೊಳ್ಳುತ್ತಿದ್ದ.

ಅವನ ಹೆಂಡತಿ ಮಾತ್ರ ನಂಬಲಿಲ್ಲ. "ಕುಕ್ಕರ್ ಏಳು ಸಲ ಕೂಗ್ತು, ಪಕ್ಕದಲ್ಲೇ ಕೂತಿದ್ರಿ. ಡಾಕ್ಟರ ಹತ್ರ ಹೋಗಿ ಅಂದ್ರೆ ಅದೂ ಕೇಳಲ್ಲ."

"ಹೋದ್ರೆ ಕಿವಿಗೆ ಮಿಷನ್ ಹಾಕ್ತಾರೆ. ಮಿಷನ್ ಹಾಕ್ಕೊಂಡು ಸ್ಪೀಕರ್ ನೋಡೋನ ಹತ್ರ ಯಾರೇ ಬರ್ತಾರೆ? ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗಾಗುತ್ತೆ."

ಸಾಲಿನಲ್ಲಿ ನಮಗೂ ಗೊತ್ತಿತ್ತು. ಹಿಂದಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಇರುವೆಯ ಕಥೆ ಕಟ್ಟಿದವರೇ ನಾವು. ಯಾವ ಬಾಯಿಂದ ವಾಪಸು ತೆಗೆದುಕೊಳ್ಳುವುದು? ಸುಮ್ಮನಿದ್ದೆವು.

ಆಗ ಬಂದವಳು ಲಾಂಡ್ರಿಯ ಹೆಂಗಸು. ದೊಡ್ಡಾಸ್ಪತ್ರೆಯ ಎದುರಿನ ಲಾಂಡ್ರಿಯಲ್ಲಿ ಆವಿ ಇಸ್ತ್ರಿಯ ಮುಂದೆ ನಿಲ್ಲುವ ಕೆಲಸ. ಬೆಳಿಗ್ಗೆ ಬಟ್ಟೆ ನೆನೆಸುವ ತೊಟ್ಟಿಗೆ ಅವಳ ಫೋನ್ ಬಿದ್ದಿತ್ತು.

"ಅಣ್ಣಾ, ಇವತ್ತೇ ಬೇಕು. ನನ್ನ ತಮ್ಮ ಬಣ್ಣ ಹೊಡೆಯೋನು, ಸಾರುವೆ ಮೇಲಿಂದ ಬಿದ್ದು ಒಂಬತ್ತು ದಿನ ಆಯ್ತು. ದೊಡ್ಡಾಸ್ಪತ್ರೇಲಿದಾನೆ, ಪ್ರಜ್ಞೆ ಇಲ್ಲ, ಒಳಗೆ ಕೂರೋಕೆ ಬಿಡಲ್ಲ. ಕಣ್ಣು ಬಿಟ್ಟ ತಕ್ಷಣ ಫೋನ್ ಮಾಡ್ತೀವಿ, ಓಡಿ ಬಾ ಅಂದಿದಾರೆ. ಬಿಟ್ಟರೂ ಹತ್ತು ನಿಮಿಷ ಇರಬಹುದು, ಅಷ್ಟೇ ಅಂತೆ. ಎತ್ತಿ ಆಡಿಸಿ ಬೆಳೆಸಿದ್ದು ನಾನು. ಬೇರೆ ಯಾರೂ ಇಲ್ಲ ಅವನಿಗೆ."

"ಲಾಂಡ್ರಿ ನಂಬರ್ ಕೊಡೋದಲ್ವಾ ತಂಗಿ?"

"ಒಂದೇ ನಂಬರ್ ಬರ್ಕೊಳ್ಳೋದು ಅವರು. ನಮ್ಮ ಮಾಲೀಕರಂತೂ ತಮ್ಮ ಫೋನನ್ನ ಹೆಂಡ್ತಿಗೂ ಮುಟ್ಟಿಸಲ್ಲ."

ಕಿವಿಯಣ್ಣ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟ. ಮೂರು ಸಲ ಗುಂ ಹಾಕಿದ. ಹನಿ ಸಿಡಿದವು, ಬಟ್ಟೆ ಒದ್ದೆಯಾಯಿತು. ಕಿವಿಗಿಟ್ಟುಕೊಂಡು ಕೇಳಿದ. ಹಳೆಯ ಕಿವಿಯಾಗಿದ್ದರೆ ಅದು ಸೋಪಿನ ನೀರೆಂದು ಅಲ್ಲೇ ಹಿಡಿಯುತ್ತಿತ್ತು. ಸೋಪಿನ ನೀರನ್ನು ಬರೀ ಸಿಡಿಸಿದರೆ ಸಾಲದು. ಉಳಿದದ್ದು ಒಣಗಿ ಜಾಲರಿಯ ಮೇಲೆ ಹಾಲಿನ ಕೆನೆಯಂತೆ ಕಟ್ಟಿಕೊಳ್ಳುತ್ತದೆ. ಸ್ಪಿರಿಟ್ ಹಚ್ಚಿದ ಕುಂಚದಿಂದ ತಿಕ್ಕಿ ತೆಗೆಯಬೇಕು. ಬಿದ್ದದ್ದು ಸೋಪಿನ ತೊಟ್ಟಿಗೋ ಬರೀ ನೀರಿನ ತೊಟ್ಟಿಗೋ ಎಂದು ಬಾಯಿಬಿಟ್ಟು ಕೇಳಿದ್ದರೂ ತಿಳಿಯುತ್ತಿತ್ತು. ಆದರೆ ಇಪ್ಪತ್ತು ವರ್ಷ ಕಿವಿಯಿಂದ ನೀರಿನ ಜಾತಿ ಹೇಳಿದವನು ಗಿರಾಕಿಯನ್ನು ಕೇಳುವುದುಂಟೇ?

ತನ್ನ ಫೋನಿನಿಂದ ಕರೆ ಮಾಡಿ ನೋಡಿದ. ಅವಳ ಫೋನು ಮಂಕಾಗಿ ಬಾರಿಸಿತು. ಅವನಿಗೆ ಎಲ್ಲ ಫೋನುಗಳೂ ಹಾಗೇ ಕೇಳತೊಡಗಿ ಎಷ್ಟೋ ಕಾಲವಾಗಿತ್ತು.

"ಸ್ವಲ್ಪ ಮೆತ್ತಗಿಲ್ವಾ ಅಣ್ಣಾ?"

"ಬಸ್ಸಿನ ಗಲಾಟೆಗೆ ಹಾಗನ್ಸುತ್ತೆ. ನಾನು ಕೇಳಿದ ಮೇಲೆ ಮುಗೀತು ತಂಗಿ."

ಕಿವಿಯಣ್ಣನ ಮಾತಿಗೆ ಎದುರು ಮಾತು ಯಾರು ಆಡುತ್ತಾರೆ? ಅವಳು ನಂಬಿಕೊಂಡು ಹೋದಳು.

ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಐದು ಸಲ ಕರೆ ಬಂತು. ಫೋನ್ ಇಸ್ತ್ರಿ ಮೇಜಿನ ಮೇಲೆ, ಅವಳಿಂದ ಮೊಳ ದೂರದಲ್ಲಿ, ಮಡಿಸಿದ ಹಾಸುಬಟ್ಟೆಗಳ ಪಕ್ಕ ಇತ್ತು. ಸೋಪು ಒಣಗಿ ಜಾಲರಿ ಮುಚ್ಚಿಹೋಗಿತ್ತು. ಆವಿಯ ಭುಸುಗುಡುವಿಕೆಯಲ್ಲಿ ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ನೋಡಿದಾಗ ಕೊನೆಯ ಕರೆ ಬಂದು ಇಪ್ಪತ್ತು ನಿಮಿಷ ಕಳೆದಿತ್ತು. ಓಡಿದಳು. ತಮ್ಮ ಕಣ್ಣು ಬಿಟ್ಟಿದ್ದನಂತೆ. "ಅಕ್ಕ ಎಲ್ಲಿ" ಎಂದನಂತೆ, ಎರಡು ಸಲ. ಬರ್ತಾಳೆ ಎಂದು ನರ್ಸಮ್ಮ ಹೇಳಿದರಂತೆ. ಅವಳು ತಲುಪುವಷ್ಟರಲ್ಲಿ ಮತ್ತೆ ಮುಚ್ಚಿದ್ದ.

ಅಲ್ಲಿಂದ ಅವಳು ನೇರ ಅಂಗಡಿಗೆ ಬಂದಳು. ನಡೆದದ್ದನ್ನು ದನಿಯೆತ್ತದೆ ಹೇಳಿದಳು. ಕಿವಿಯಣ್ಣನ ಮುಖ ಸುಣ್ಣದಂತಾಯಿತು. ಫೋನ್ ತೆಗೆದುಕೊಂಡು, ಕರೆ ಮಾಡಿ, ಕಿವಿಗೊತ್ತಿಕೊಂಡ.

"ಬರ್ತಾ ಇದೆಯಲ್ಲ ತಂಗಿ. ಸಣ್ಣಗಿದೆ, ಆದ್ರೆ ಬರ್ತಾ ಇದೆ."

ಅವಳು ಅವನನ್ನೇ ನೋಡಿದಳು. ಎರಡೂ ಫೋನುಗಳನ್ನು ಅವನ ಕೈಯಿಂದ ತೆಗೆದುಕೊಂಡು, ತನ್ನದನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಅವನದರ ಮೇಲೆ ಬೆರಳಾಡಿಸಿದಳು.

"ಈಗ?"

"ಹ್ಞಾ, ಬಾರಿಸ್ತಾ ಇದೆ."

"ನಾನಿನ್ನೂ ಫೋನ್ ಮಾಡೇ ಇಲ್ಲ ಅಣ್ಣಾ."

ಆಚೀಚಿನ ಅಂಗಡಿಗಳಲ್ಲಿ ನಾವು ತಲೆ ಬಗ್ಗಿಸಿ ಇಲ್ಲದ ಕೆಲಸ ಹುಡುಕಿಕೊಂಡೆವು.

"ಕಿವಿ ಕೇಳಲ್ಲ ಅಂತ ಒಂದು ಮಾತು ಅಂದಿದ್ರೆ ನಾನೇ ಕೇಳ್ಕೊಂಡು ಹೇಳ್ತಿದ್ದೆ," ಎಂದಳು ಅವಳು. "ನಂಗೆ ಮೆತ್ತಗೆ ಅನಿಸ್ತು. ನಿಮ್ಮ ಮುಖ ನೋಡಿ ಸುಮ್ಮನಾದೆ."

ಅವನು ಸ್ಟೂಲ್ ಎಳೆದು ಅವಳ ಕಡೆ ತಳ್ಳಿದ. "ಕೂತ್ಕೋ ತಾಯಿ. ಮತ್ತೆ ಕಣ್ಣು ಬಿಟ್ಟಾನು. ನಾನು ತಿಕ್ತೀನಿ, ನೀನು ಕೇಳು. ನನಗೆ ಕೇಳಲ್ಲ." ಕೊನೆಯ ಎರಡು ಪದಗಳನ್ನು ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಕಿವುಡರು ಮೆಲ್ಲಗೆ ಹೇಳಿದೆವೆಂದುಕೊಂಡು ಹಾಗೇ ಹೇಳುತ್ತಾರೆ.

ಸ್ಪಿರಿಟ್ ಹಚ್ಚಿದ, ಕುಂಚ ಆಡಿಸಿದ, ಗುಂ ಹಾಕಿದ. ಇನ್ನೂ ಗೊಗ್ಗರು ಎಂದಳು. ಮತ್ತೆ ತಿಕ್ಕಿದ. ಏಳನೆಯ ಸಲಕ್ಕೆ ಫೋನ್ ಎಷ್ಟು ಚೂಪಾಗಿ ಕೂಗಿತೆಂದರೆ ಹನ್ನೊಂದನೆಯ ಅಂಗಡಿಯವನು ತನ್ನ ಜೇಬು ಮುಟ್ಟಿಕೊಂಡ. ಅವಳು ತಲೆಯಾಡಿಸಿದಳು. ಅದನ್ನು ನೋಡಿಯೇ ಅವನು ಕುಂಚ ಕೆಳಗಿಟ್ಟ.

ಅದಾದ ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಆ ಫೋನ್ ಬಾರಿಸಿತು. ಆವಿಯ ಸದ್ದನ್ನೂ ಮೀರಿ ಲಾಂಡ್ರಿಗೆಲ್ಲ ಕೇಳಿಸಿತಂತೆ. ಅವಳು ಮೊದಲನೆಯ ರಿಂಗಿಗೇ ಎತ್ತಿದಳು. ಓಡಿ ಬರುವ ಅವಸರವಿಲ್ಲ, ಸಹಿ ಹಾಕಲು ಯಾರಾದರೂ ಬಂದರೆ ಸಾಕು ಎಂದರು ಆ ಕಡೆಯವರು. ಒಂದಕ್ಷರವೂ ಮಸುಕಾಗಿರಲಿಲ್ಲ.

ಹೆಣ ಎತ್ತುವಾಗ ಕಿವಿಯಣ್ಣ ಹೋಗಿ ಅವಳ ಮನೆ ಬಾಗಿಲ ಹೊರಗೆ ನಿಂತಿದ್ದ. ಅವಳು ಅವನನ್ನು ನೋಡಿ ಏನೋ ಅಂದಳು. ಏನೆಂದು ಅವನಿಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳು ಎನ್ನುವ ಧೈರ್ಯವೂ ಬರಲಿಲ್ಲ. ಬೈದಳೋ, ಬಂದಿರಲ್ಲ ಎಂದಳೋ, ಪಕ್ಕಕ್ಕೆ ಸರಿಯಿರಿ ಎಂದಳೋ. ವಾರವೆಲ್ಲ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದ. ನಮ್ಮಲ್ಲಿ ಅಲ್ಲಿಗೆ ಹೋದವರು ಯಾರೂ ಇರಲಿಲ್ಲ.