ಪೆಡಲ್‌ನೊಳಗಿನ ಗಂಧ

ಮೂರು ವರ್ಷದ ಹಿಂದೆ ನಾನು ಮುಂಬೈಯ ಅಂಧೇರಿಯಲ್ಲಿ ಒಂದು ಸಣ್ಣ ಆಡಿಯೊ ವರ್ಕ್‌ಶಾಪ್‌ನಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಗಿಟಾರ್ ಪೆಡಲ್‌ಗಳ ದುರಸ್ತಿ ನನ್ನ ಪಾಲಿಗಿತ್ತು. ಪೆಡಲ್ ಎಂದರೆ ನೆಲದ ಮೇಲಿಟ್ಟು, ಕಾಲಿನಿಂದ ಒತ್ತಿ, ಗಿಟಾರಿನ ನಾದವನ್ನು ಬದಲಿಸುವ ಪೆಟ್ಟಿಗೆ.

ಸದಾನಂದ ಅಂಕಲ್ ತಂದದ್ದು ಹಳೆಯ ಮಾಡ್ಯುಲೇಶನ್ ಪೆಡಲ್. ನಾದವನ್ನು ಅಲೆಯಂತೆ ತೂಗುವಂಥದ್ದು. ಉಡುಪಿ ಕಡೆಯವರಾದ ಅವರು ಒಂದು ಕಾಲದಲ್ಲಿ ಮಾಟುಂಗದ ಕನ್ನಡ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಆ ಭಾನುವಾರ ಹಳಬರೆಲ್ಲ ಮತ್ತೆ ಸೇರುವ ಕಾರ್ಯಕ್ರಮವಿತ್ತು. ಗಾಯಕಿ ವಾರಿಜಕ್ಕ ವೇದಿಕೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಒಂದೇ ಹಾಡಿಗೆಂದು ಒಪ್ಪಿದ್ದರು. ಆದರೆ ರಿಹರ್ಸಲ್‌ನಲ್ಲಿ ಪಲ್ಲವಿ ಎತ್ತಿಕೊಳ್ಳಲು ಅವರಿಗೆ ಆಗಲೇ ಇಲ್ಲ. ಅಂಕಲ್ ಜೊತೆ ಅವರೂ ಬಂದಿದ್ದರು.

"ಅಲೆ ಇಳಿಯುವಾಗ ನಾನು ಉಸಿರು ತಗೊಳ್ಳುವುದು. ಈಗ ಅದು ಇಳಿಯುವುದಿಲ್ಲ, ಧೊಪ್ಪ ಬೀಳ್ತದೆ. ಸರಿಯಾಗದಿದ್ರೆ ನನ್ನ ಹೆಸರು ತೆಗೀರಿ," ಎಂದರು ವಾರಿಜಕ್ಕ.

ಪೆಟ್ಟಿಗೆ ಬಿಚ್ಚಿದೆ. ನಡುವೆ ಪುಟ್ಟ ಬಲ್ಬು, ಸುತ್ತ ನಾಲ್ಕು ಎಲ್‌ಡಿಆರ್: ಬೆಳಕು ಬಿದ್ದಾಗ ವಿದ್ಯುತ್ತಿಗೆ ದಾರಿ ಬಿಟ್ಟು, ಕತ್ತಲಾದಾಗ ತಡೆಯುವ ಬಿಡಿಭಾಗಗಳು. ಮೇಲೆ ಬೆಳಕನ್ನು ಮರಳಿಸುವ ಲೋಹದ ಬಟ್ಟಲು ಕವುಚಿರುತ್ತದೆ. ಬಲ್ಬು ಬೆಳಗಿ ಮಂಕಾಗುವ ಲಯಕ್ಕೆ ನಾದ ತೂಗುತ್ತದೆ. ಎಲ್‌ಡಿಆರ್ ಬೆಳಕನ್ನು ಕೂಡಲೇ ಮರೆಯುವುದಿಲ್ಲ. ಆ ತಡವೇ ಹಳೆಯ ಪೆಡಲ್‌ಗಳ ಮಾಧುರ್ಯ. ಎಲ್ಲವನ್ನೂ ಅಳೆದೆ. ದೋಷ ಸಿಗಲಿಲ್ಲ. ಬಟ್ಟಲು ಮಾತ್ರ ವಿಪರೀತ ಥಳಥಳಿಸುತ್ತಿತ್ತು.

"ಇದನ್ನು ಬದಲಾಯಿಸಿದ್ದೀರಾ ಅಂಕಲ್?"

"ಇಲ್ಲ ಮಗಾ, ಹುಣಸೆಹುಳಿ ಹಾಕಿ ತಿಕ್ಕಿದೆ. ಇಷ್ಟು ವರ್ಷದ ಮೇಲೆ ಪ್ರೋಗ್ರಾಮ್, ಕೊಳೆ ಪೆಟ್ಟಿಗೆ ತಗೊಂಡು ಹೋಗುವುದೆಂತ ಅಂತ."

"ಕೊಳೆ ಅಂದರೆ?"

"ಗಂಧ, ಕುಂಕುಮ. ಪ್ರತಿ ಆಯುಧ ಪೂಜೆಗೆ ಹಚ್ಚುವುದು. ಹೊರಗೆ ಕಾಲಿಡುವ ಜಾಗ, ಅಲ್ಲಿ ಹಚ್ಚಲಿಕ್ಕಾಗ್ತದಾ? ಒಳಗೆ ದೀಪ ಉಂಟಲ್ಲ, ಅದರ ಬಟ್ಟಲಿಗೆ ಹಚ್ಚುತ್ತಿದ್ದೆ."

"ದೇವರನ್ನೇ ತಿಕ್ಕಿ ಓಡಿಸಿದಿರಿ, ಇನ್ನೆಂತ ಹಾಡು!" ಎಂದರು ವಾರಿಜಕ್ಕ.

ಬೆಳಕು ಹೆಚ್ಚಾದಷ್ಟೂ ಎಲ್‌ಡಿಆರ್‌ನ ನಡೆ ಚುರುಕಾಗುತ್ತದೆ. ಗಂಧದ ಪದರದಿಂದ ಮಂಕಾಗಿದ್ದ ಬೆಳಕು ಅದನ್ನು ನಿಧಾನವಾಗಿಸಿತ್ತು. ಬಲ್ಬಿನ ಕರೆಂಟ್ ಇಳಿಸಿ ನೋಡಿದೆ. ಹಳೆಯ ನಾದಕ್ಕೆ ಹತ್ತಿರ ಬಂತು, ಆದರೆ ವಾರಿಜಕ್ಕ ಒಪ್ಪಲಿಲ್ಲ. ಗಂಧ ಎಲ್ಲೆಡೆ ಸಮನಾಗಿ ಕೂತಿರಲಿಲ್ಲ. ಒಂದೊಂದು ಎಲ್‌ಡಿಆರ್‌ಗೂ ಒಂದೊಂದು ಹದದ ಬೆಳಕು ಸಿಗುತ್ತಿತ್ತು. ಅದನ್ನು ಯಾವ ಸ್ಕ್ರೂ ತಿರುಗಿಸಿಯೂ ತರುವಂತಿರಲಿಲ್ಲ.

ಕೆಳಗಿನ ಅಂಗಡಿಯಿಂದ ಗಂಧ ತಂದು, ಬಟ್ಟಲನ್ನು ಅಂಕಲ್ ಕೈಗೇ ಕೊಟ್ಟೆ. ಅವರ ಬೆರಳಿಗೆ ಜಾಗ ನೆನಪಿತ್ತು. ಹಚ್ಚುವುದು, ಒಣಗಿಸುವುದು, ಕವುಚಿ ನುಡಿಸುವುದು. ಮತ್ತೆ ಸ್ವಲ್ಪ ಹಚ್ಚುವುದು.

"ಮೆಲ್ಲ ಮಾರಾಯ್ರೆ, ಅಷ್ಟೂ ವರ್ಷದ ಪೂಜೆ ಇವತ್ತೇ ಮಾಡ್ಬೇಡಿ," ಎಂದು ವಾರಿಜಕ್ಕ ಗದರಿದರು.

ಅದರ ಮುಂದಿನ ಸಲ ಅಲೆ ಇಳಿಯಿತು, ಅವರು ಉಸಿರೆಳೆದುಕೊಂಡು ಪಲ್ಲವಿ ಎತ್ತಿಕೊಂಡರು. ಭಾನುವಾರ ಮಾಟುಂಗದಲ್ಲಿ ಒಂದೇ ಹಾಡು ಎಂದಿದ್ದವರು ಎರಡು ಹಾಡಿದರು.

ಏನು ಕೆಟ್ಟಿದೆ ಎಂದು ಕೇಳುವುದನ್ನು ಕಾಲೇಜಿನಲ್ಲೇ ಕಲಿತಿದ್ದೆ. ಇಷ್ಟು ದಿನ ಇದನ್ನು ಹೇಗೆ ನೋಡಿಕೊಂಡಿರಿ ಎಂದು ಕೇಳಲು ಕಲಿಸಿದ್ದು ಆ ಕೆಲಸ. ಜನ ಮೊದಲು ಸಂಕೋಚಪಡುತ್ತಾರೆ. ಆಮೇಲೆ ಹೇಳತೊಡಗಿದರೆ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳುತ್ತೇನೆ.