ಯಾವ ದೇವರಿಗೂ ಬೇಡದ ಮರ

ಕೆಲವು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಗೇಟಿಗೆ ಹೋದರೆ, ಕಾಂಪೌಂಡ್ ಗೋಡೆಯ ಆಚೆಯಿಂದ ಕೊಡೆಯೊಂದರ ಹಿಡಿ ಒಳಗೆ ಬಂದು ನಮ್ಮ ದಾಸವಾಳದ ಕೊಂಬೆಗಾಗಿ ತಡಕಾಡುತ್ತಿತ್ತು. ಕೊಡೆಯ ಇನ್ನೊಂದು ತುದಿಯಲ್ಲಿ ಹಿಂದಿನ ಕ್ರಾಸಿನ ರಿಟೈರ್ಡ್ ಅಂಕಲ್. ಮಂಕಿ ಕ್ಯಾಪ್, ಕ್ಯಾನ್ವಾಸ್ ಶೂ, ಕೈಯಲ್ಲಿ ಪ್ಲಾಸ್ಟಿಕ್ ಕವರ್. ಜೆ.ಪಿ. ನಗರದಲ್ಲಿ ಇದಕ್ಕೆ ಮಾರ್ನಿಂಗ್ ವಾಕ್ ಎನ್ನುತ್ತಾರೆ.

"ಏನ್ ಸಾರ್ ಇದು?" ಎಂದೆ.

"ದೇವರಿಗೆ ಕಣ್ರೀ. ಒಳಗೇ ಇದ್ದೀರಲ್ಲ, ಆ ಮೇಲಿನ ಕೊಂಬೆ ಸ್ವಲ್ಪ ಬಗ್ಸಿ. ಎಟುಕ್ತಿಲ್ಲ."

ಬಗ್ಗಿಸಿದೆ. (ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ದೇವರ ಹೆಸರು ಹೇಳಿದವರಿಗೆ ನಾವು ಫುಟ್‌ಪಾತನ್ನೇ ಬಿಟ್ಟುಕೊಟ್ಟಿದ್ದೇವೆ, ಕೊಂಬೆ ಯಾವ ಲೆಕ್ಕ?)

ಒಳಗೆ ಬಂದ ಮೇಲೆ ಮೈಯೆಲ್ಲ ಉರಿಯಿತು. ಗಿಡಕ್ಕೆ ನೀರು ಹಾಕುವವಳು ನನ್ನ ಹೆಂಡತಿ ಪದ್ಮ. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಿಡದಲ್ಲಿ ಉಳಿಯುವುದು ಬರೀ ಎಲೆ. ನಮ್ಮ ಗಣಪತಿಗೆ ಗರಿಕೆಯೇ ಗತಿ. ಇಲ್ಲಿ ಅರಳಿದ ಹೂವು ಹಿಂದಿನ ಕ್ರಾಸಿನ ಗಣಪತಿಯ ತಲೆಗೆ. ಇದು ಯಾವ ನ್ಯಾಯ?

ಆ ಭಾನುವಾರವೇ ನರ್ಸರಿಗೆ ಹೋಗಿ, ಯಾವ ದೇವರಿಗೂ ಏರಿಸದ ಹೂವಿನ ಮರ ಇದೆಯೇ ಎಂದು ಕೇಳಿದೆ. ನರ್ಸರಿಯವನು ಒಮ್ಮೆ ನನ್ನ ಹಣೆ ನೋಡಿದ. ಆಮೇಲೆ ಮೂಲೆಯಿಂದ ಒಂದು ಸಸಿ ಎಳೆದ.

"ಟಬೂಬಿಯಾ ಸಾರ್. ಪಿಂಕ್ ಕಲರ್, ಸಖತ್ತಾಗಿರುತ್ತೆ. ಫಾರಿನ್ ಮರ, ನಮ್ಮ ದೇವರುಗಳಿಗೆ ಪರಿಚಯ ಇಲ್ಲ."

ಹೆಸರೇ ಹಿಡಿಸಿತು. 'ಟಬೂಬಿಯಾ ಪುಷ್ಪಂ ಸಮರ್ಪಯಾಮಿ' ಎನ್ನಲು ಯಾವ ಪುರೋಹಿತರ ನಾಲಗೆ ಹೊರಳೀತು?

ಮನೆಯ ಮುಂದೆ ಇದ್ದದ್ದು ಒಂದೇ ಗಿಡದ ಜಾಗ. ದಾಸವಾಳ ಕಿತ್ತೆ. "ಗಣಪತಿಗೆ?" ಎಂದಳು ಪದ್ಮ. "ಈಗೇನು ಸಿಗ್ತಿತ್ತಾ?" ಎಂದೆ. ಅವಳು ಒಳಗೆ ಹೋಗಿ ಪಾತ್ರೆ ಕುಕ್ಕತೊಡಗಿದಳು. ಮದುವೆಯಾದವರಿಗೆ ಆ ಸದ್ದಿನ ಅರ್ಥ ಗೊತ್ತು. ನನಗೂ ಗೊತ್ತಿತ್ತು, ಆದರೆ ಸಸಿ ನೆಡುವ ಅವಸರ.

ಟಬೂಬಿಯಾ ಬೆಳೆಸುವುದು ಕಷ್ಟವಲ್ಲ. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ. ಕಷ್ಟವೆಂದರೆ ಸುಮ್ಮನಿರುವುದು. ಅಕ್ಕಿ ತೊಳೆದ ನೀರು, ಕಾಫಿ ಚರಟ, ಹುಳಿ ಮಜ್ಜಿಗೆ ಎಲ್ಲ ಸುರಿದೆ. ಮರ ಎಲೆಯಲ್ಲೇ ಕೊಬ್ಬಿತು, ವರ್ಷಗಟ್ಟಲೆ ಒಂದು ಮೊಗ್ಗಿಲ್ಲ. ಬೇಸತ್ತು ಉಪಚಾರ ನಿಲ್ಲಿಸಿದ್ದು ಕಳೆದ ವರ್ಷ. ಈ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿತು. ಸತ್ತೇಹೋಯಿತು ಎಂದುಕೊಂಡೆ. ಮೊನ್ನೆ ನೋಡಿದರೆ ಬೋಳು ಕೊಂಬೆಗಳ ತುಂಬ ಹೂವು. ಎಷ್ಟು ಖುಷಿಯಾಯಿತೆಂದರೆ, ಕಾಫಿ ಲೋಟ ಹಿಡಿದು ಗೇಟಿನಲ್ಲೇ ನಿಂತುಬಿಟ್ಟೆ.

ಅಷ್ಟರಲ್ಲಿ ಅಂಕಲ್ ಬಂದರು. ತಲೆಯೆತ್ತಿ ನೋಡಿದರು.

"ಇದು ಯಾವ ದೇವರಿಗೆ ಆಗುತ್ತೆ?"

"ಯಾವುದಕ್ಕೂ ಆಗಲ್ಲ ಸಾರ್."

"ಮತ್ಯಾಕ್ರೀ ಹಾಕಿದ್ರಿ?"

ಹೇಳಿ ಮುಂದಿನ ಕಾಂಪೌಂಡಿಗೆ ಹೋದರು. ಗೆದ್ದೆ ಎಂದು ಬೀಗುತ್ತಾ ಒಳಗೆ ಬಂದರೆ, ನಮ್ಮ ಗಣಪತಿಯ ತಲೆಯ ಮೇಲೆ ಕೆಂಪು ದಾಸವಾಳ.

"ಎಲ್ಲಿಂದ ಬಂತು ಇದು?"

"ವಾಕಿಂಗ್ ಹೋಗಿದ್ನಲ್ಲ," ಎಂದಳು ಪದ್ಮ. (ಶುಗರ್ ಬಂದಾಗಿನಿಂದ ಅವಳೂ ವಾಕ್ ಶುರುಮಾಡಿದ್ದಾಳೆ.) "ಯಾರದೋ ಮನೇದು, ರಸ್ತೆಗೆ ಬಗ್ಗಿತ್ತು."

"ಕೇಳಿ ಕಿತ್ತೆಯಾ?"

"ಅಷ್ಟೊತ್ತಿಗೆ ಯಾರು ಎದ್ದಿರ್ತಾರೆ? ಕೇಳದೆ ಕಿತ್ತ ಹೂವಲ್ಲಿ ಪೂಜೆ ಮಾಡಿದ್ರೆ ಪುಣ್ಯ ಗಿಡದವರಿಗೇ ಹೋಗುತ್ತೆ, ನಮ್ಮಮ್ಮ ಹೇಳ್ತಿದ್ರು. ಅವರಿಗೇನ್ರೀ ನಷ್ಟ?"

ಅಂದರೆ ನಾನು ಮುಸುಕು ಹೊದ್ದು ಮಲಗಿದ್ದಾಗಲೂ ಒಬ್ಬ ಹಿರಿಯರು ಸ್ನಾನ ಮಾಡಿ, ಮಡಿಯುಟ್ಟು, ಗಂಟೆ ಬಾರಿಸಿ, ದಿನಾ ನನ್ನ ಪಾಲಿಗೆ ಪುಣ್ಯ ಕೂಡಿಡುತ್ತಿದ್ದರು.

ಅಂಥವರನ್ನು ಮರ ನೆಟ್ಟು ಓಡಿಸಿದ ಪೆದ್ದ ಜೆ.ಪಿ. ನಗರದಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬನಿದ್ದಾನೆಯೇ?