ಕಾದಂಬರಿಯಲ್ಲಿಲ್ಲದ ಮಗಳು

ತೊಂಬತ್ತರ ದಶಕದಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನ ಒಂದು ಸಣ್ಣ ಲೈಬ್ರರಿಗೆ ಕಂಪ್ಯೂಟರ್ ಜೋಡಿಸಲು ಹೋಗಿದ್ದೆ. ಆ ಸಂಜೆ ಅಲ್ಲೊಬ್ಬ ಲೇಖಕ ತನ್ನ ಕಾದಂಬರಿ ಓದುತ್ತಿದ್ದ. ಅದರಲ್ಲಿ, ಮುನ್ನೂರು ವರ್ಷದ ಹಿಂದೆ ಫ್ರಾನ್ಸಿನ ಪ್ರಾಟೆಸ್ಟಂಟ್ ಒಬ್ಬನನ್ನು ಕ್ಯಾಥೊಲಿಕ್ ರಾಜನ ಹಡಗಿನಲ್ಲಿ ಸರಪಳಿ ಬಿಗಿದು ಹುಟ್ಟು ಹಾಕಲು ಕೂರಿಸಿದ್ದಾರೆ. ಮತ ಬಿಡುತ್ತೇನೆ ಎಂದರೆ ಬಿಡುಗಡೆ. ಅವನು ಹೇಳುವುದಿಲ್ಲ, ಅಲ್ಲೇ ಸಾಯುತ್ತಾನೆ.

ನನ್ನ ಪಕ್ಕ ಕೂತಿದ್ದ ವಯಸ್ಸಾದ ಲೈಬ್ರರಿಯನ್ ಮಾರ್ಗರೆಟ್, "ನಮ್ಮ ಪೂರ್ವಿಕನೊಬ್ಬ ಸತ್ತಿದ್ದೂ ಹೀಗೇ" ಎಂದು ಪಿಸುಗುಟ್ಟಿದರು.

"ನಿಮಗೆ ಹೆಮ್ಮೆ ಅಲ್ವಾ?" ಅಂದೆ.

"ಅವನ ಮಗ ತಪ್ಪಿಸಿಕೊಂಡು ಇಲ್ಲಿಗೆ ಬಂದ. ಪುಟ್ಟ ಮಗಳನ್ನು ಸೈನಿಕರು ಕಿತ್ತುಕೊಂಡು ಹೋಗಿ ಕ್ಯಾಥೊಲಿಕ್ ಸನ್ಯಾಸಿನಿಯರ ಮಠಕ್ಕೆ ಹಾಕಿದರು. ಆಮೇಲೆ ಏನಾದಳೋ ಗೊತ್ತಿಲ್ಲ. ಅವಳು ಯಾವ ಕಾದಂಬರಿಯಲ್ಲೂ ಇಲ್ಲ." ಅವರು ಕನ್ನಡಕ ತೆಗೆದರು. "ನಾನಾಗಿದ್ದರೆ ಮತ ಬಿಡ್ತೀನಿ ಅಂತ ಹೇಳಿ ಮಗಳ ಹತ್ತಿರ ಓಡಿ ಹೋಗ್ತಿದ್ದೆ. ಇದನ್ನ ಚರ್ಚಿನಲ್ಲಿ ಯಾರಿಗೂ ಹೇಳಿಲ್ಲ."

"ಆ ಮಗುವಿನ ಹೆಸರೇನು?" ಎಂದು ಕೇಳಿದೆ.

"ಅದೂ ಗೊತ್ತಿಲ್ಲ. ಅಪ್ಪನ ಹೆಸರನ್ನ ಮಾತ್ರ ಚರ್ಚಿನ ಗೋಡೆಯ ಕಲ್ಲಿನಲ್ಲಿ ಕೆತ್ತಿಸಿದ್ದಾರೆ."

ಓದು ಮುಗಿದು ಚಪ್ಪಾಳೆ ಬಿತ್ತು. ಮಾರ್ಗರೆಟ್ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡ ಲೇಖಕ ನೇರವಾಗಿ ಅವರ ಹತ್ತಿರವೇ ಬಂದ. ತನ್ನ ಬರವಣಿಗೆ ಇಷ್ಟೊಂದು ಮನಸ್ಸಿಗೆ ತಟ್ಟಿತಲ್ಲ ಎಂದು ಕೈಕುಲುಕಿ ಥ್ಯಾಂಕ್ಸ್ ಹೇಳಿದ.